ಗೇರ್ ಇರುವ ‘ಪುರಾತನ’ ಸೂರ್ಯ ಗಡಿಯಾರ: ಹಲ್ಲು ಎಣಿಸಿಯೇ ಕೊಳ್ಳಿ

ಯುರೋಪಿನಲ್ಲಿರುವ, ಹಳೇ ಯಂತ್ರಗಳ ಹುಚ್ಚು ಹತ್ತಿಸಿಕೊಂಡ ಕನ್ನಡಿಗರು ದಯವಿಟ್ಟು ಓದಿ. ಆನ್‌ಲೈನಿನಲ್ಲಿ ಹಳೇ ಸಾಮಾನು ಮಾರುವ ವ್ಯಾಪಾರಿಯೊಬ್ಬ ‘18ನೇ ಶತಮಾನದ್ದು, ಆಗ್ಸ್‌ಬರ್ಗ್‌ನಲ್ಲಿ ಮಾಡಿದ್ದು, ನಿಮಿಷವನ್ನೂ ತೋರಿಸುತ್ತೆ’ ಅಂತ ಹೇಳಿ 900 ಯೂರೋಗೆ ನನಗೆ ಕಳಿಸಿದ ಜೇಬಿನ ಸೂರ್ಯ ಗಡಿಯಾರ ಶುದ್ಧ ನಕಲಿ. ಅದೂ ಲೆಕ್ಕ ಬಾರದವನು ಮಾಡಿದ ನಕಲಿ.

ನಾನಿರುವ ಮ್ಯೂನಿಕ್‌ಗೆ ಆಗ್ಸ್‌ಬರ್ಗ್ ಪಕ್ಕದ ಊರು. 17-18ನೇ ಶತಮಾನದಲ್ಲಿ ಯೋಹಾನ್ ಮಾರ್ಟಿನ್, ಯೋಹಾನ್ ವಿಲ್ಲೆಬ್ರಾಂಡ್, ಆಂಡ್ರೆಯಾಸ್ ಫೋಗ್ಲರ್‌ರಂಥ ಕುಶಲಕರ್ಮಿಗಳು ಪ್ರಯಾಣಿಕರಿಗಾಗಿ ಹಿತ್ತಾಳೆಯ ಪುಟ್ಟ ಸೂರ್ಯ ಗಡಿಯಾರ ಮಾಡುತ್ತಿದ್ದುದು ಅಲ್ಲಿಯೇ. ಹೆಸರಿಗೆ ಬೆಲೆ ಇದೆ, ಹಾಗಾಗಿ ನಕಲಿ ಮಾಡುವವರು ಆ ಹೆಸರನ್ನೇ ಕೆತ್ತುತ್ತಾರೆ.

ಅವುಗಳಲ್ಲಿ ಹೆಚ್ಚಿನವಕ್ಕೆ ಗೇರ್ ಇರುವುದಿಲ್ಲ. ತಳದಲ್ಲಿ ದಿಕ್ಸೂಚಿ, ಮೇಲೆ ಮಡಚಿಡಬಹುದಾದ ಬಳೆ, ಬಳೆಯ ನಡುವೆ ಒಂದು ಕಡ್ಡಿ. ಇದ್ದ ಊರಿನ ಅಕ್ಷಾಂಶಕ್ಕೆ ಬಳೆಯನ್ನು ಓರೆ ಮಾಡಿ, ಉತ್ತರಕ್ಕೆ ತಿರುಗಿಸಿ ಇಟ್ಟರೆ ಕಡ್ಡಿ ಭೂಮಿಯ ಅಕ್ಷಕ್ಕೆ ಸಮಾನಾಂತರವಾಗುತ್ತದೆ. ಅದರ ನೆರಳು ಗಂಟೆಗೆ ಸರಿಯಾಗಿ 15 ಡಿಗ್ರಿ ಸರಿಯುತ್ತದೆ. ನಿಮಿಷ ತೋರಿಸುವ ಯಾಂತ್ರಿಕ ಮಾದರಿ ಅಪರೂಪ, ಆದ್ದರಿಂದ ದುಬಾರಿ. ಅದರಲ್ಲಿ ಕಡ್ಡಿಯ ಬದಲು ತಿರುಗುವ ಒಂದು ಪಟ್ಟಿ. ಪಟ್ಟಿಯ ಒಂದು ತುದಿಯಲ್ಲಿ ಸೂಜಿ ತೂತು, ಎದುರು ತುದಿಯಲ್ಲಿ ಒಂದು ಗೆರೆ. ತೂತಿನಿಂದ ಬಂದ ಬಿಸಿಲಿನ ಚುಕ್ಕೆ ಗೆರೆಯ ಮೇಲೆ ಕೂರುವ ತನಕ ಪಟ್ಟಿಯನ್ನು ತಿರುಗಿಸಬೇಕು. ಹಾಗೆ ತಿರುಗಿಸುವಾಗ ಪಟ್ಟಿಯಲ್ಲಿರುವ ಚಿಕ್ಕ ಗಾಲಿ ಬಳೆಯ ಹಲ್ಲುಗಳ ಮೇಲೆ ಉರುಳಿ ನಿಮಿಷದ ಮುಳ್ಳನ್ನು ಸುತ್ತಿಸುತ್ತದೆ. ನೋಡಲು ಬಲು ಚೆಂದ, ಸುಳ್ಳು ಹೇಳಲ್ಲ.

ಮೋಸ ಇರುವುದು ಈ ಗಾಲಿಯಲ್ಲಿ. ಸೂರ್ಯ ಒಂದು ಸುತ್ತು ಬರಲು 24 ಗಂಟೆ ಬೇಕು. ಹಾಗಾಗಿ ಪಟ್ಟಿ 15 ಡಿಗ್ರಿ ಸರಿದಾಗ ನಿಮಿಷದ ಮುಳ್ಳು ಪೂರ್ತಿ ಒಂದು ಸುತ್ತು ಹಾಕಬೇಕು, ಅಂದರೆ 24ಕ್ಕೆ 1ರ ಲೆಕ್ಕ. ನನಗೆ ಬಂದದ್ದರ ಬಳೆಯಲ್ಲಿ 144 ಹಲ್ಲು, ಗಾಲಿಯಲ್ಲಿ 12. ಗಾಲಿಗೆ 6 ಹಲ್ಲು ಇರಬೇಕಿತ್ತು. ಮಾಡಿದವನು ಗೋಡೆ ಗಡಿಯಾರದ 12ಕ್ಕೆ 1ರ ಲೆಕ್ಕವನ್ನು ತಂದು ಇಲ್ಲಿ ಕೂರಿಸಿದ್ದಾನೆ. ಪರಿಣಾಮ, 11:20 ಆಗಿರಬೇಕಾದಾಗ ಅದು 11:10 ಅನ್ನುತ್ತದೆ; ಗಂಟೆ ಪೂರ್ತಿ ಕಳೆದರೂ ಮುಳ್ಳು ಅರ್ಧ ಸುತ್ತಿನಲ್ಲೇ ನಿಂತಿರುತ್ತದೆ. ದಾನಕ್ಕೆ ಬಂದ ಹಸುವಿನ ಹಲ್ಲು ಎಣಿಸಬಾರದು ಅಂತಾರೆ. ಇದು ದಾನವಲ್ಲ, ಎಣಿಸಿ. ಬಿಸಿಲೂ ಬೇಡ, ರಾತ್ರಿ ದೀಪದ ಕೆಳಗೆ ಪಟ್ಟಿಯನ್ನು ಬಳೆಯ ಮೇಲಿನ X (10) ಗಂಟೆಯ ಅಂಕಿಯಿಂದ XI (11)ಕ್ಕೆ ಸರಿಸಿ, ಮುಳ್ಳು ಪೂರ್ತಿ ಒಂದು ಸುತ್ತು ಹಾಕಿತೇ ಅಂತ ನೋಡಿದರೂ ಸಾಕು.

ವ್ಯಾಪಾರಿಯನ್ನು ಕೇಳಿದಾಗ ಬಂದ ಉತ್ತರ ಇದು: “ಸೂರ್ಯ ಗಡಿಯಾರಕ್ಕೂ ಕೈಗಡಿಯಾರಕ್ಕೂ ಯಾವತ್ತೂ ತಾಳೆಯಾಗಲ್ಲ ಸಾರ್.” ಅರ್ಧ ನಿಜವನ್ನು ಹೀಗೆ ಬಳಸುವವರನ್ನು ಕಂಡರೆ ನನಗೆ ಮೈ ಉರಿಯುತ್ತೆ. ವ್ಯತ್ಯಾಸ ಇದ್ದೇ ಇದೆ. ಇಲ್ಲಿನ ಕೈಗಡಿಯಾರದ ಸಮಯಕ್ಕೆ ಆಧಾರವಾದ 15 ಡಿಗ್ರಿ ಪೂರ್ವ ರೇಖಾಂಶಕ್ಕಿಂತ ಮ್ಯೂನಿಕ್ ಪಶ್ಚಿಮಕ್ಕಿರುವುದರಿಂದ ಸುಮಾರು 14 ನಿಮಿಷ, ಬೇಸಿಗೆಯಲ್ಲಿ ಗಡಿಯಾರವನ್ನು ಮುಂದಕ್ಕೆ ಇಡುವುದರಿಂದ ಇನ್ನೊಂದು ಗಂಟೆ. ಜೂನ್ ಮಧ್ಯದಲ್ಲಿ ಕೈಗಡಿಯಾರ 12:14 ತೋರಿಸುವಾಗ ಸೂರ್ಯ ಗಡಿಯಾರ 11 ತೋರಿಸಬೇಕು. ಋತುವಿನ ಏರುಪೇರು ಬೇರೆ: ಅದರಿಂದ ಸೂರ್ಯ ಗಡಿಯಾರ ನವೆಂಬರ್ ಆರಂಭದಲ್ಲಿ 16 ನಿಮಿಷ ಮುಂದೆ, ಫೆಬ್ರವರಿ ಮಧ್ಯದಲ್ಲಿ 14 ನಿಮಿಷ ಹಿಂದೆ. ಆದರೆ ಒಂದೇ ದಿನದಲ್ಲಿ ಆ ವ್ಯತ್ಯಾಸ ಬೆಳಿಗ್ಗೆ ಎಷ್ಟೋ ಸಂಜೆಯೂ ಹೆಚ್ಚುಕಮ್ಮಿ ಅಷ್ಟೇ. ನಿಮಿಷ ನಿಮಿಷಕ್ಕೂ ಬೆಳೆಯುತ್ತಾ ಹೋದರೆ ಅದು ಸೂರ್ಯನ ತಪ್ಪಲ್ಲ.

ದಿಕ್ಸೂಚಿಯನ್ನೂ ನೋಡಿ. 18ನೇ ಶತಮಾನದಲ್ಲಿ ಇಲ್ಲಿ ಮುಳ್ಳು ನಿಜವಾದ ಉತ್ತರದಿಂದ ಪಶ್ಚಿಮಕ್ಕೆ ಚೆನ್ನಾಗಿಯೇ ವಾಲುತ್ತಿತ್ತು, ಅದಕ್ಕಾಗಿ ಹಳಬರು ಸಾಮಾನ್ಯವಾಗಿ ಓರೆಯಾಗಿ ಒಂದು ಗೆರೆ ಕೊರೆಯುತ್ತಿದ್ದರು. ನನ್ನದರಲ್ಲಿ ಗೆರೆ ನೆಟ್ಟಗೆ ಉತ್ತರಕ್ಕಿತ್ತು. ಅದೊಂದೇ ಆಗಿದ್ದರೆ ಸುಮ್ಮನಿರುತ್ತಿದ್ದೆನೋ ಏನೋ.

ದುಡ್ಡು ವಾಪಸ್ ಬಂತು, ಬರದೆ ಹೋಗಲಿಲ್ಲ. ಐರೋಪ್ಯ ಒಕ್ಕೂಟದಲ್ಲಿ ವ್ಯಾಪಾರಿಯಿಂದ ಆನ್‌ಲೈನಿನಲ್ಲಿ ಕೊಂಡ ವಸ್ತುವನ್ನು 14 ದಿನದೊಳಗೆ ಕಾರಣ ಹೇಳದೆಯೇ ಹಿಂದಿರುಗಿಸಬಹುದು. ಅಂಗಡಿಗೆ ಹೋಗಿ ಕೊಂಡರೆ, ಇಲ್ಲವೇ ಖಾಸಗಿ ವ್ಯಕ್ತಿಯಿಂದ ಕೊಂಡರೆ ಆ ಹಕ್ಕಿಲ್ಲ, ನೆನಪಿರಲಿ. ವಾಪಸ್ ಕಳಿಸುವ ಅಂಚೆ, ವಿಮೆಯ ಖರ್ಚು ನನ್ನ ತಲೆಗೇ ಬಂತು. “ನಕಲಿ” ಅನ್ನುವ ಪದವನ್ನು ಮಾತ್ರ ಆತ ಕೊನೇ ತನಕ ಒಪ್ಪಲಿಲ್ಲ.

ಈಗ ಅದೇ ವಸ್ತು ಮತ್ತೆ ಮಾರಾಟಕ್ಕಿದೆ, ಬೆಲೆ ಇನ್ನಷ್ಟು ಏರಿದೆ. ಹಿಂಬದಿಯಲ್ಲಿ ಊರುಗಳ ಅಕ್ಷಾಂಶದ ಪಟ್ಟಿ ಕೆತ್ತಿದ್ದಾರೆ. ಅದರಲ್ಲಿ ಲಂಡನ್ ಮುಂದೆ 51ರ ಬದಲು 41 ಅಂತಿದೆ. ವ್ಯಾಪಾರಿ ಹಿಂಬದಿಯ ಫೋಟೋ ಹಾಕಿಲ್ಲ, ಕೇಳಿ ತರಿಸಿಕೊಳ್ಳಿ.