ಹತ್ತು ಸಿಟ್ಟಿಂಗ್ ಪ್ಯಾಕೇಜ್: ಕೊಟ್ಟ ದುಡ್ಡು ಎಲ್ಲಿ ವಸೂಲಾಗುತ್ತದೆ?

ಜಯನಗರವಿರಲಿ, ವಿಜಯನಗರವಿರಲಿ, ಬೆಂಗಳೂರಿನ ಬಡಾವಣೆಗಳಲ್ಲಿ ಫಿಸಿಯೋಥೆರಪಿ ಕ್ಲಿನಿಕ್‌ಗೆ ಬರವಿಲ್ಲ. ಎಷ್ಟೋ ಕಡೆ ಅದು ಮೊದಲನೇ ಮಹಡಿಯಲ್ಲಿರುತ್ತದೆ. ಮಂಡಿನೋವಿನವರು ಲಿಫ್ಟಿಲ್ಲದೆ ಹತ್ತಿಯೇ ಹೋಗಬೇಕು, ಆ ಮಾತು ಬೇರೆ. ಕೌಂಟರಿನಲ್ಲಿ ಮೊದಲು ಕೇಳಿಬರುವುದು, 'ಹತ್ತು ಸಿಟ್ಟಿಂಗ್ ಪ್ಯಾಕೇಜ್ ತಗೊಳ್ಳಿ ಸರ್, ರೇಟು ಕಮ್ಮಿ ಆಗುತ್ತೆ.' ಮಂಡಿ ಸವೆತಕ್ಕೆ ಈ ಪ್ಯಾಕೇಜ್ ತಗೊಳ್ಳಬಹುದು. ಆದರೆ ಮೊದಲ ಸಿಟ್ಟಿಂಗಿಗೆ ಬಿಡಿಯಾಗಿ ಕೊಟ್ಟು ನೋಡಿ, ಆಮೇಲೆ ಉಳಿದದ್ದು.

ಮೊದಲ ದಿನ ಅರ್ಧ ಗಂಟೆಯಾದರೂ ತಪಾಸಣೆಗೇ ಹೋಗಬೇಕು. ಮಂಡಿ ಎಷ್ಟು ಡಿಗ್ರಿ ಮಡಚುತ್ತದೆ, ಪೂರ್ತಿ ನೆಟ್ಟಗಾಗುತ್ತದೆಯೇ ಎಂದು ಗೋನಿಯೋಮೀಟರ್ (ಕೀಲಿನ ಕೋನ ಅಳೆಯುವ ಪಟ್ಟಿ) ಇಟ್ಟು ಅಳೆದು ಬರೆದುಕೊಳ್ಳಬೇಕು. ಕೈ ಊರದೆ 30 ಸೆಕೆಂಡಿನಲ್ಲಿ ಕುರ್ಚಿಯಿಂದ ಎಷ್ಟು ಸಲ ಎದ್ದು ಕೂರುತ್ತೀರಿ ಎಂದು ಎಣಿಸಬೇಕು. ಆ ಅಂಕಿಗಳನ್ನು ನೀವೂ ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಹೋಗಿ ಐದು ನಿಮಿಷಕ್ಕೇ ಮಲಗಿಸಿ ಮೆಷಿನ್ ಕಟ್ಟಿದರೆ ಉಳಿದ ಒಂಬತ್ತಕ್ಕೆ ದುಡ್ಡು ಕಟ್ಟಬೇಡಿ. ತಪಾಸಣೆ ಮಾಡುವವರು ಬಿಪಿಟಿ, ಅಂದರೆ ಫಿಸಿಯೋಥೆರಪಿ ಪದವಿ, ಓದಿದವರೇ ಎಂದು ಕೇಳುವುದರಲ್ಲಿ ಸಂಕೋಚವೂ ಬೇಡ.

ಮೆಷಿನ್ ಎಂದರೆ ಹೆಚ್ಚಾಗಿ ಐಎಫ್‌ಟಿ (ಪ್ಯಾಡ್ ಅಂಟಿಸಿ ಸಣ್ಣಗೆ ಕರೆಂಟ್ ಹರಿಸುವುದು), ಇಲ್ಲವೇ ಅಲ್ಟ್ರಾಸೌಂಡ್ (ಸ್ಕ್ಯಾನಿಂಗ್ ಅಲ್ಲ, ನೋವಿನ ಜಾಗಕ್ಕೆ ಶಬ್ದತರಂಗ ಕೊಡುವುದು). ಕರೆಂಟಿಗೆ ಜುಮ್ಮೆನ್ನುತ್ತದೆ, ಮನೆ ಮುಟ್ಟುವವರೆಗೆ ಹಾಯೆನಿಸಬಹುದು, ಆದರೆ ತೊಡೆಗೆ ಬಲ ಬರುವುದಿಲ್ಲ. ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಎಂದು ಹೇಳುವ ಬ್ರಿಟನ್ನಿನ ನೈಸ್ (NICE) ಸಂಸ್ಥೆಯ 2022ರ ಮಾರ್ಗಸೂಚಿ ಕೀಲು ಸವೆತಕ್ಕೆ ಇವನ್ನು ಕೊಡುವುದೇ ಬೇಡ, ವ್ಯಾಯಾಮ ಮಾಡಿಸಿ ಎನ್ನುತ್ತದೆ. ಮುಕ್ಕಾಲು ಗಂಟೆಯ ಸಿಟ್ಟಿಂಗಿನಲ್ಲಿ ಅರ್ಧ ಗಂಟೆ ಮೆಷಿನ್ನೇ ತಿಂದರೆ ಕಲಿಯುವುದು ಯಾವಾಗ?

ನಿಜವಾದ ಸರಕು ವ್ಯಾಯಾಮವನ್ನು ತಿದ್ದಿಸಿಕೊಳ್ಳುವುದರಲ್ಲಿದೆ. ಕಾಲು ನೆಟ್ಟಗೆ ಎತ್ತುವ ವ್ಯಾಯಾಮವನ್ನೇ ನೋಡಿ. ಅಂಗಾತ ಮಲಗಿ, ಇನ್ನೊಂದು ಮಂಡಿ ಮಡಚಿ, ಮೊದಲು ಎತ್ತುವ ಕಾಲಿನ ತೊಡೆ ಬಿಗಿ ಮಾಡಬೇಕು. ಮಂಡಿಚಿಪ್ಪಿಗಿಂತ ತುಸು ಮೇಲಕ್ಕೆ, ತೊಡೆಯ ಮೇಲೆ ಕೈಯಿಟ್ಟರೆ ಸ್ನಾಯು ಗಟ್ಟಿಯಾಗಿದ್ದು ಗೊತ್ತಾಗಬೇಕು. ಆಮೇಲೆ ಮಡಚಿದ ಮಂಡಿಯ ಎತ್ತರದೊಳಗೇ ಎತ್ತಿ, 5 ಸೆಕೆಂಡ್ ಹಿಡಿದು, ನಿಧಾನ ಇಳಿಸುವುದು. ಹೀಗೆ 10 ಸಲ. ಕೆಡುವುದು ಎಲ್ಲಿ ಅಂದರೆ, ಎತ್ತುವಾಗ ಮಂಡಿ ಒಂಚೂರು ಮಡಚಿಕೊಳ್ಳುತ್ತದೆ, ಕೆಲಸವೆಲ್ಲ ಸೊಂಟದ ಸ್ನಾಯುವಿಗೆ ಹೋಗುತ್ತದೆ. ಕೆಲವರು ಉಸಿರು ಕಟ್ಟುತ್ತಾರೆ. ಬಿಪಿ ಇದ್ದವರು ಹಾಗೆ ಮಾಡಲೇಬಾರದು. ಕ್ಲಿನಿಕ್ಕಿನಲ್ಲಿ ವಿಡಿಯೋ ಮಾಡಿಸುವುದಾದರೆ ಥೆರಪಿಸ್ಟ್ ಮಾಡಿ ತೋರಿಸಿದ್ದಕ್ಕಿಂತ ನೀವು ಮಾಡಿದ್ದನ್ನೇ, ಅವರು ತಿದ್ದುವ ಮಾತಿನ ಸಮೇತ, ಮಾಡಿಸಿಕೊಳ್ಳಿ. ಮನೆಯಲ್ಲಿ ಉಪಯೋಗಕ್ಕೆ ಬರುವುದು ಅದೇ.

ನೋವಾದರೆ? ನೋವಿಗೆ ಹತ್ತಕ್ಕೆ ಇಷ್ಟು ಎಂದು ಅಂಕ ಕೊಟ್ಟರೆ ಮೂರು-ನಾಲ್ಕರಷ್ಟಿದ್ದು ಮರುದಿನ ಬೆಳಗ್ಗೆಗೆ ಇಳಿದರೆ ಮುಂದುವರಿಸಬಹುದು. ಮಂಡಿ ಊದಿದರೆ, ನೋವು ಮರುದಿನವೂ ಉಳಿದರೆ ಎಣಿಕೆ ಅರ್ಧಕ್ಕಿಳಿಸಿ, ಹೋದಾಗ ಹೇಳಿ. ಮೀನಖಂಡ ಊದಿ ನೋಯುತ್ತಿದ್ದರೆ, ಜ್ವರವಿದ್ದರೆ ಮಾತ್ರ ಕಾಯಬೇಡಿ, ಅಂದೇ ಡಾಕ್ಟರಿಗೆ ತೋರಿಸಿ.

ಇನ್ನು, ಹತ್ತನ್ನೂ ಹತ್ತು ದಿನದಲ್ಲಿ ಮುಗಿಸುವ ಅವಸರ ಕ್ಲಿನಿಕ್ಕಿಗಿರುತ್ತದೆ, ನಿಮಗೇಕೆ? ಸ್ನಾಯುವಿಗೆ ಬಲ ಬರಲು ವಾರಗಟ್ಟಲೆ ಬೇಕು. ಮೊದಲ ವಾರ ಮೂರು, ಆಮೇಲೆ ವಾರಕ್ಕೊಂದೆರಡರಂತೆ ಐದಾರು ವಾರಕ್ಕೆ ಹರಡಿಸಿಕೊಳ್ಳಿ. ಮಂಡಿ ಬದಲಿಸಿದ ಆಪರೇಷನ್ ಆಗಿದ್ದರೆ ಈ ಲೆಕ್ಕ ಬೇರೆ: ಆರಂಭದ ವಾರಗಳಲ್ಲಿ ಪದೇಪದೇ ನೋಡಿಸಬೇಕು, ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಕಾಲು ಮಡಚಿ ಕೂರುವ ಬದಲು ಮನೆಗೇ ಕರೆಸಿಕೊಳ್ಳುವುದು ಮೇಲು. ನಿಮ್ಮದೇ ಮೆಟ್ಟಿಲು, ನಿಮ್ಮದೇ ಬಚ್ಚಲಿನಲ್ಲಿ ಅಭ್ಯಾಸವಾಗುತ್ತದೆ.

ಐದನೇ ಸಿಟ್ಟಿಂಗಿಗೆ ಮತ್ತೆ ಅಳೆಸಿ. ಅಂಕಿ ಕದಲದೆ, ಮೊದಲ ದಿನದ ಅದೇ ವ್ಯಾಯಾಮ, ಅದೇ ಹತ್ತು ಸಲ ನಡೆಯುತ್ತಿದ್ದರೆ ಬಾಕಿ ಐದರ ಹಣ ವಾಪಸ್ ಕೇಳಿ. ಈ ಷರತ್ತನ್ನು ದುಡ್ಡು ಕಟ್ಟುವಾಗಲೇ ರಶೀದಿಯ ಮೇಲೆ ಬರೆಸಿಕೊಂಡಿರಬೇಕು.