ಸಬ್‌ಮರೀನಿನ ಶಾಫ್ಟಿಗೆ ಯಾವ ಗ್ರೀಸು? ಹಚ್ಚಿ ನೋಡಿದ ಮೇಲೆ ಹೇಳುತ್ತಿದ್ದೇನೆ

ನಾನು ಮನೆಯಲ್ಲಿ ಕಟ್ಟಿದ್ದು ಆಳು ಕೂರುವ ಸಬ್‌ಮರೀನಲ್ಲ, ದಡದಲ್ಲಿ ನಿಂತು ಓಡಿಸುವ ಸಣ್ಣ ಮಾದರಿ. 110 ಮಿ.ಮೀ. ಪಿವಿಸಿ ಪೈಪಿನ ಒಡಲು, ಮುಂದೆ ಅಕ್ರಿಲಿಕ್ ಗುಮ್ಮಟ, ಹಿಂದೆ ಹಿತ್ತಾಳೆ ಕೊಳವೆಯೊಳಗೆ ತಿರುಗುವ ಪ್ರೊಪೆಲ್ಲರಿನ 4 ಮಿ.ಮೀ. ಸ್ಟೇನ್‌ಲೆಸ್ ಶಾಫ್ಟು, ಚುಕ್ಕಾಣಿಗೆ ಹೋಗುವ ಎರಡು ಸರಳು. ನೀರು ಒಳಗೆ ಬರುವುದಿದ್ದರೆ ಹೆಚ್ಚಾಗಿ ಈ ಮೂರು ತೂತಿನಿಂದಲೇ. ಒಂದು ಮೀಟರ್ ಆಳಕ್ಕೆ ಸುಮಾರು 0.1 ಬಾರ್ ಒತ್ತಡ ಅಷ್ಟೆ, ಆದರೆ ಬುಷ್ಷು (ಶಾಫ್ಟು ಕೂತು ತಿರುಗುವ ಬಳೆ) ಸಡಿಲವಿದ್ದರೆ ಅದೇ ಸಾಕು.

ಯಾರನ್ನು ಕೇಳಿದರೂ "ಮೆರೀನ್ ಗ್ರೀಸ್ ಹಾಕಿ ಮಾರಾಯ್ರೆ" ಅನ್ನುತ್ತಾರೆ. ಡಬ್ಬಿಯ ಹೊರಗೆ ಮೆರೀನ್ ಅಂತ ಬರೆದದ್ದು ಸರಿ, ಒಳಗೆ ಯಾವ ಸಾಬೂನು ಇದೆ ಅಂತ ಯಾರೂ ಹೇಳುವುದಿಲ್ಲ. ಹೆಚ್ಚಿನ ಗ್ರೀಸುಗಳು ಅಂದರೆ ಎಣ್ಣೆಯನ್ನು ಹಿಡಿದಿಟ್ಟ ಸಾಬೂನು. ಆ ಸಾಬೂನು ಲಿಥಿಯಮ್ಮಿನದೋ ಕ್ಯಾಲ್ಸಿಯಮ್ಮಿನದೋ ಅನ್ನುವುದರ ಮೇಲೆ ನೀರಿನಲ್ಲಿ ಅದರ ಹಣೆಬರಹ ನಿಂತಿದೆ. ಹಾಗಾಗಿ ಒಂದೇ ಅಳತೆಯ ಕೊಳವೆ ತುಂಡು, ಒಂದೇ ಸರಳು ತೆಗೆದುಕೊಂಡು, ಒಂದೊಂದಕ್ಕೆ ಒಂದೊಂದು ತುಂಬಿ, ಸಮುದ್ರದ ನೀರಿನ ಬಕೆಟ್ಟಿನಲ್ಲಿ ತೂಗುಹಾಕಿದೆ. ದಿನಾ ಕೈಯಲ್ಲಿ ತಿರುಗಿಸುವುದು, ಆಮೇಲೆ ಎಳೆದು ನೋಡುವುದು. ಬೋಟಿನಲ್ಲಿ ಮೊದಲು ತೋಟದ ಕೆರೆ, ಬಕೆಟ್ಟಿನಲ್ಲಿ ಉಳಿದುಕೊಂಡವು ಮಾತ್ರ ನಂತರ ಅಳಿವೆಗೆ. (ಉಪ್ಪುನೀರಿನೊಳಗೆ ರೇಡಿಯೋ ಸಿಗ್ನಲ್ ಸಾಗುವುದಿಲ್ಲ. ಅಳಿವೆಯಲ್ಲಿ ಬಾಲಕ್ಕೆ ಕೇಬಲ್ ಕಟ್ಟಿಯೇ ಓಡಿಸಬೇಕು.)

ಲಿಥಿಯಂ ಗ್ರೀಸು ಬೈಕ್ ಮೆಕ್ಯಾನಿಕ್ ಅಂಗಡಿಯಲ್ಲಿ ಸಿಗುವಂಥದ್ದೇ. ಕೆರೆಯಲ್ಲಿ ಯಾವ ತಕರಾರೂ ಇಲ್ಲ, ಶಾಫ್ಟು ಹಗುರಾಗಿ ತಿರುಗುತ್ತದೆ. ಬಕೆಟ್ಟಿನಿಂದ ಎಳೆದಾಗ ಬೇರೆಯೇ ಕಥೆ. ಕೊಳವೆಯ ಬಾಯಲ್ಲಿ ಗ್ರೀಸು ನೀರಿನೊಂದಿಗೆ ಕಲಸಿಕೊಂಡು ಕೆನೆಯ ಹಾಗೆ ಬೆಳ್ಳಗಾಗಿತ್ತು. ಅದನ್ನು ಒರೆಸಿದ ಜಾಗದಲ್ಲಿ, ಬಾಯಿಯಿಂದ ಸ್ವಲ್ಪವೇ ಒಳಗೆ, ಸ್ಟೇನ್‌ಲೆಸ್ ಸರಳಿನ ಮೇಲೆ ಸೂಜಿ ಚುಚ್ಚಿದಂಥ ಕಂದು ಚುಕ್ಕೆಗಳು. ಉಗುರು ಎಳೆದರೆ ತಾಗುತ್ತವೆ. ಸ್ಟೇನ್‌ಲೆಸ್‌ಗೆ ತುಕ್ಕು ಹಿಡಿಯದಿರುವುದು ಆಮ್ಲಜನಕ ಸಿಗುವ ತನಕ ಮಾತ್ರ. ಇಕ್ಕಟ್ಟಿನಲ್ಲಿ ನಿಂತ ಉಪ್ಪುನೀರಿನಲ್ಲಿ ಅದರ ಮೇಲಿನ ಪೊರೆ ಮತ್ತೆ ಕಟ್ಟಿಕೊಳ್ಳುವುದಿಲ್ಲ. 304 ದರ್ಜೆಯ ಸ್ಟೇನ್‌ಲೆಸ್ ಬದಲು ಮಾಲಿಬ್ಡಿನಮ್ ಇರುವ 316 ದರ್ಜೆಯದನ್ನು ಹಾಕಿದರೆ ಈ ಕಾಟ ಕಡಿಮೆ, ಇಲ್ಲವೇ ಇಲ್ಲ ಅನ್ನುವ ಹಾಗಿಲ್ಲ.

ಕ್ಯಾಲ್ಸಿಯಂ ಗ್ರೀಸು ಹಳೇ ಕಾಲದ್ದು, ಅಗ್ಗದ್ದು. ಬಿಸಿ ತಡೆಯುವುದಿಲ್ಲ ಅಂತ ವಾಹನದ ಬೇರಿಂಗುಗಳಿಂದ ಹಿಂದೆ ಸರಿಯಿತು. ಲಿಥಿಯಂ ಗ್ರೀಸು ಕರಗಿ ತೊಟ್ಟಿಕ್ಕಲು 180 ಡಿಗ್ರಿ ದಾಟಬೇಕು, ಸಾದಾ ಕ್ಯಾಲ್ಸಿಯಮ್ಮಿಗೆ 100 ಡಿಗ್ರಿಯ ಆಸುಪಾಸೇ ಸಾಕು. ಆದರೆ ಸುತ್ತ ನೀರೇ ಇರುವಾಗ ನಮ್ಮ ಶಾಫ್ಟು ಬಿಸಿಯಾಗುವುದೆಲ್ಲಿಂದ? ರಸ್ತೆಯಲ್ಲಿ ಸೋತದ್ದು ಇಲ್ಲಿ ಗೆದ್ದಿತು. ಬಕೆಟ್ಟಿನಿಂದ ತೆಗೆದಾಗ ಹಾಕಿದ ಬಣ್ಣದಲ್ಲೇ ಇತ್ತು, ನೀರು ಹನಿಹನಿಯಾಗಿ ಮೇಲೆ ನಿಂತಿತ್ತು. ಇದೇ ಕುಲದ ಕ್ಯಾಲ್ಸಿಯಂ ಸಲ್ಫೊನೇಟ್ ಗ್ರೀಸು ಇನ್ನೂ ಒಂದು ಕೈ ಮೇಲು. ತುಕ್ಕು ತಡೆಯುವ ಗುಣ ಅದರ ಹುಟ್ಟಿನಲ್ಲೇ ಇದೆ, ಬಿಸಿಯನ್ನೂ ತಡೆಯುತ್ತದೆ. ಬೆಲೆಯೂ ಹಾಗೇ ಇದೆ. ಸಿಕ್ಕರೆ ಅದು, ಸಿಗದಿದ್ದರೆ ಸಾದಾ ಕ್ಯಾಲ್ಸಿಯಂ. ಲಿಥಿಯಂ ಕೆರೆಗಷ್ಟೇ ಸರಿ.

ಒಂದರಿಂದ ಇನ್ನೊಂದಕ್ಕೆ ಬದಲಿಸುವಾಗ ಹಳೆಯದರ ಮೇಲೆ ಹೊಸದನ್ನು ತುರುಕಬೇಡಿ. ಎರಡು ಸಾಬೂನು ಹೊಂದದೆ ಹೋದರೆ ಎಲ್ಲ ತೆಳ್ಳಗಾಗಿ ಸೋರುತ್ತದೆ. ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಆಮೇಲೆ ತುಂಬಿ. ಒರೆಸಿದ ಬಟ್ಟೆ ಅಕ್ರಿಲಿಕ್ ಗುಮ್ಮಟಕ್ಕೆ ತಾಗದಿರಲಿ.

ಚುಕ್ಕಾಣಿಯ ಸರಳುಗಳಲ್ಲಿ ಜಗಳ ವ್ಯಾಸಲಿನ್ ಮತ್ತು ಸಿಲಿಕೋನ್ ಗ್ರೀಸಿನ ನಡುವೆ. ಇಲ್ಲಿ ಕಾಪಾಡಬೇಕಾದ್ದು ಸರಳಿನ ಸುತ್ತ ನೀರು ತಡೆಯುವ ರಬ್ಬರ್ ಬಳೆಯನ್ನು, ಅಂದರೆ ಓ-ರಿಂಗನ್ನು. ನೈಟ್ರೈಲ್ ರಬ್ಬರಿನ ರಿಂಗಿಗೆ ಎರಡೂ ನಡೆಯುತ್ತವೆ. ಇಪಿಡಿಎಂ ಅನ್ನುವ ಇನ್ನೊಂದು ರಬ್ಬರಿನ ರಿಂಗಿಗೆ ವ್ಯಾಸಲಿನ್ ಹಚ್ಚಿದರೆ ಅದು ಉಬ್ಬಿ ಸರಳನ್ನೇ ಕಚ್ಚಿಕೊಳ್ಳುತ್ತದೆ, ಸಣ್ಣ ಸರ್ವೋ ಮೋಟರು ಗುಂಯ್‌ಗುಟ್ಟಿ ನಿಂತುಬಿಡುತ್ತದೆ. ಕಪ್ಪು ರಿಂಗು ಕಂಡ ಕೂಡಲೇ ಯಾವ ಜಾತಿ ಅಂತ ಗೊತ್ತಾಗುವುದಿಲ್ಲವಾದ್ದರಿಂದ ಸಿಲಿಕೋನ್ ಗ್ರೀಸೇ ಕ್ಷೇಮ. ರಿಂಗೇ ಸಿಲಿಕೋನಿನದಾದರೆ ಮಾತ್ರ ಅದೂ ಬೇಡ. ಹಾಗಂತ ಅದೇ ಟ್ಯೂಬು ಹಿಡಿದು ಶಾಫ್ಟಿಗೂ ಬಳಿಯಬೇಡಿ: ಲೋಹ ಲೋಹಕ್ಕೆ ಉಜ್ಜುವಲ್ಲಿ ಭಾರ ಹೊರುವ ಶಕ್ತಿ ಸಿಲಿಕೋನಿಗೆ ಕಡಿಮೆ. ಇನ್ನೊಂದು ಕಿರಿಕಿರಿ, ಅದು ತಾಗಿದ ಕಡೆ ಬಣ್ಣವೂ ಹಿಡಿಯದು, ಅಂಟೂ ಹಿಡಿಯದು.

ಎತ್ತಿನಗಾಡಿಯ ಅಚ್ಚಿಗೆ ಹಾಕುತ್ತಿದ್ದ ಹರಳೆಣ್ಣೆಯನ್ನೂ ಬಿಡಲಿಲ್ಲ. ಮೊದಲ ವಾರ ಭರ್ಜರಿ, ಆಮೇಲೆ ಗಾಳಿಗೆ ಅಂಟಂಟಾಗಿ ಶಾಫ್ಟು ಬಿಗಿಯಾಯಿತು. ಅಂದಹಾಗೆ, ಲಿಥಿಯಂ ಗ್ರೀಸಿನ ಸಾಬೂನಿಗೆ ಬೇಕಾದ ಕೊಬ್ಬಿನಾಮ್ಲ ಬರುವುದೂ ಹರಳೆಣ್ಣೆಯಿಂದಲೇ.

ಡಬ್ಲ್ಯುಡಿ-40 ಸ್ಪ್ರೇ 1953ರಲ್ಲಿ ಹುಟ್ಟಿದ್ದು ನೀರನ್ನು ಓಡಿಸಲು. ಬೋಟು ದಡಕ್ಕೆ ಬಂದ ಮೇಲೆ ಸಿಹಿನೀರಲ್ಲಿ ತೊಳೆದು ಇದನ್ನು ಹೊಡೆದರೆ ಸಂದಿಯ ತೇವ ಹೋಗುತ್ತದೆ. ನೀರೊಳಗೆ ಅದನ್ನೇ ನಂಬಿದರೆ ಕೆರೆಯ ಮೇಲೆ ಬಣ್ಣಬಣ್ಣದ ಪದರ ತೇಲುತ್ತದೆ, ಶಾಫ್ಟಿನಲ್ಲಿ ಏನೂ ಉಳಿಯುವುದಿಲ್ಲ. ಹೊರಗಿನ ಸ್ಕ್ರೂ, ಕೀಲು, ಲಿವರುಗಳಿಗೆ ಕುರಿ ಉಣ್ಣೆಯಿಂದ ತೆಗೆದ ಲ್ಯಾನೋಲಿನ್ ಚೆನ್ನ. ಕೈಗೆ ಮೆತ್ತಿಕೊಳ್ಳುತ್ತದೆ, ವಾಸನೆಯೂ ಇದೆ, ಆದರೆ ಅಳಿವೆಯ ನೀರಿಗೂ ಜಗ್ಗುವುದಿಲ್ಲ. ಗ್ರಾಫೈಟ್ ಇರುವ ಕಪ್ಪು ಗ್ರೀಸನ್ನು ಮಾತ್ರ ಉಪ್ಪುನೀರಿಗೆ ಒಯ್ಯಬೇಡಿ. ಗ್ರಾಫೈಟ್ ಪಕ್ಕ ಅಲ್ಯುಮಿನಿಯಂ ಇದ್ದರೆ ಬ್ಯಾಟರಿಯಂತೆ ಕೆಲಸ ಮಾಡಿ ಅದನ್ನು ತಿಂದುಹಾಕುತ್ತದೆ.

ಗ್ರೀಸು ಅಷ್ಟಾಗಿ ಬೇಡದ ದಾರಿಯೂ ಒಂದಿದೆ. ಅಮೆರಿಕದ ಮೊದಲ ಅಣು ಸಬ್‌ಮರೀನು ನಾಟಿಲಸ್‌ನ ಶಾಫ್ಟಿನ ಹಿಂದಿನ ಬೇರಿಂಗು ಲಿಗ್ನಮ್ ವೈಟೀ ಅನ್ನುವ ಗಟ್ಟಿ ಮರದ್ದು. ಸಮುದ್ರದ ನೀರೇ ಅದಕ್ಕೆ ಎಣ್ಣೆ. ನಮಗೆ ಆ ಮರ ಬೇಕಿಲ್ಲ, ಡೆಲ್ರಿನ್ ಅನ್ನುವ ಗಟ್ಟಿ ಪ್ಲಾಸ್ಟಿಕ್ಕಿನ ಸರಳಿನಿಂದ ಲೇತಿನವರ ಹತ್ತಿರ ಬುಷ್ ಮಾಡಿಸಿದರಾಯಿತು. ನೈಲಾನ್ ಬೇಡ, ನೀರು ಕುಡಿದು ಊದುತ್ತದೆ. ಕೊಳವೆಯ ಹೊರತುದಿಗೆ ಡೆಲ್ರಿನ್, ಒಳತುದಿಗೆ ಆಯಿಲ್ ಸೀಲು, ಸೀಲಿನ ಹಿಂದೆ ಚಿಟಿಕೆ ಕ್ಯಾಲ್ಸಿಯಂ ಗ್ರೀಸು. ಕೊಳವೆ ತುಂಬ ಗ್ರೀಸು ತುರುಕಿದಾಗ ಮೋಟರು ಎಳೆಯುತ್ತಿದ್ದ ಕರೆಂಟು ಇದರಲ್ಲಿ ಎದ್ದು ಕಾಣುವಷ್ಟು ಇಳಿಯಿತು. ಕೆರೆಯಲ್ಲಿ ಇದನ್ನು ಮೀರಿಸಿದ್ದು ಇನ್ನೂ ಸಿಕ್ಕಿಲ್ಲ. ಅಳಿವೆಯ ಮರಳಿನಲ್ಲಿ ಮಾತ್ರ ಡೆಲ್ರಿನ್ ಬೇಗ ಸವೆಯುತ್ತದೆ. ಅಲ್ಲಿಗೆ ಹೋಗುವ ದಿನ ಬಾಯಿಯವರೆಗೂ ಸಲ್ಫೊನೇಟ್ ತುಂಬುತ್ತೇನೆ, ಮರಳು ಹೊರಗೇ ನಿಲ್ಲುತ್ತದೆ, ಬ್ಯಾಟರಿ ಸ್ವಲ್ಪ ಬೇಗ ಖಾಲಿಯಾಗುತ್ತದೆ.