ಪಾರ್ಕಿನಲ್ಲಿ ಮಾರುವ 'ಗಾಢ ನಿದ್ರೆಯ ಪುಡಿ'ಯನ್ನು ಕೊಳ್ಳಬೇಡಿ

ಬೆಳಗಿನ ವಾಯುವಿಹಾರದ ಹೊತ್ತಿಗೆ ಪಾರ್ಕಿನ ಗೇಟಿನ ಬಳಿ ಮೇಜು ಹಾಕಿಕೊಂಡು, ಕೈಗೊಂದು ಯಂತ್ರ ಕೊಟ್ಟು 'ನಿಮ್ಮ ದೇಹದ ವಯಸ್ಸು' ಹೇಳಿ, ಕೊನೆಗೆ 'ರಾತ್ರಿ ಗಾಢ ನಿದ್ರೆ, ಬೆಳಗ್ಗೆ ಹೊಸ ಚೈತನ್ಯ' ಎನ್ನುತ್ತಾ ಪುಡಿಯ ಡಬ್ಬಿ ಮುಂದಿಡುವವರು ನಿಮ್ಮ ಬಡಾವಣೆಗೂ ಬರಬಹುದು. ದಯವಿಟ್ಟು ಕೊಳ್ಳಬೇಡಿ. ಈಗಾಗಲೇ ಕೊಂಡು ತಿನ್ನುತ್ತಿದ್ದರೆ ಈ ಬರಹದ ಕೊನೆಯ ಭಾಗವನ್ನು ಮೊದಲು ಓದಿ, ಆಮೇಲೆ ಉಳಿದದ್ದು.

ನಾವು ದಾವಣಗೆರೆಯವರು. ನಮ್ಮ ಮನೆಯವರಿಗೆ ಐವತ್ತು ಹತ್ತಿರ ಬಂತು. ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ. ರಾತ್ರಿ ಹತ್ತಕ್ಕೆ ಮಲಗಿದರೆ ಬೆಳಗ್ಗೆ ಆರಕ್ಕೆ ಏಳುವವರು. ಎಂಟು ಗಂಟೆ ಮಲಗಿದ ಮನುಷ್ಯ ಹಾಸಿಗೆಯ ಅಂಚಿನಲ್ಲಿ ಕುಳಿತು, ರಾತ್ರಿಯಿಡೀ ಮೂಟೆ ಹೊತ್ತವರ ಹಾಗೆ ಮುಖ ಉಜ್ಜಿಕೊಳ್ಳುತ್ತಿದ್ದರು. ಬಾಯಿ ಒಣಗಿರುತ್ತಿತ್ತು, ತಲೆ ಭಾರ. ಕಾಫಿ ಹೊಟ್ಟೆಗೆ ಬೀಳುವವರೆಗೆ ಯಾರೂ ಮಾತನಾಡಿಸುವ ಹಾಗಿರಲಿಲ್ಲ. ಮಧ್ಯಾಹ್ನ ಊಟವಾದರೆ ಲೆಕ್ಕದ ಪುಸ್ತಕದ ಮೇಲೆಯೇ ತೂಕಡಿಕೆ. ರಾತ್ರಿ ಮೂತ್ರಕ್ಕೆಂದು ಮತ್ತೆ ಮತ್ತೆ ಏಳುತ್ತಿದ್ದರಿಂದ ಸಕ್ಕರೆ ಕಾಯಿಲೆ ಇರಬೇಕೆಂದು ರಕ್ತ ಪರೀಕ್ಷೆ ಮಾಡಿಸಿದೆವು, ಇರಲಿಲ್ಲ. ರಕ್ತದೊತ್ತಡ ಮಾತ್ರ ಎರಡು ಬಗೆಯ ಮಾತ್ರೆ ನುಂಗಿದರೂ ಹತೋಟಿಗೆ ಬರುತ್ತಿರಲಿಲ್ಲ. ಇದರ ಜೊತೆಗೆ ಗೊರಕೆ. ಪಕ್ಕದ ಕೋಣೆಯಲ್ಲಿ ಓದುವ ಮಗಳು ಬಾಗಿಲು ಹಾಕಿಕೊಳ್ಳಬೇಕಾದಷ್ಟು ಗೊರಕೆ. ಆದರೆ ಗೊರಕೆ ಎಂದರೆ ನಮ್ಮಲ್ಲಿ ನಗುವ ವಿಷಯವೇ ಹೊರತು ವೈದ್ಯರಿಗೆ ಹೇಳುವ ವಿಷಯವಲ್ಲ. 'ಅವರಪ್ಪನೂ ಹೀಗೆಯೇ ಹೊಡೆಯುತ್ತಿದ್ದರು, ಒಳ್ಳೆಯ ನಿದ್ರೆ ಇದ್ದವರಿಗೇ ಬರುವುದು ಅದು' ಎಂದು ನಮ್ಮ ಅತ್ತೆಯವರು ತೀರ್ಪು ಕೊಟ್ಟುಬಿಟ್ಟಿದ್ದರು.

ಪಾರ್ಕಿನಲ್ಲಿ ಸಿಕ್ಕಿದವನು ಮಾತಿನಲ್ಲಿ ಬಹಳ ನಯ. ಬಿಳಿ ಅಂಗಿ, ಕೊರಳಲ್ಲಿ ಗುರುತಿನ ಚೀಟಿ. ಅದರಲ್ಲಿ 'ಆರೋಗ್ಯ ಸಲಹೆಗಾರ' ಎಂದು ಮಾತ್ರ ಇತ್ತು. ಇವರ ಎರಡೂ ಕೈಗೆ ಯಂತ್ರ ಹಿಡಿಸಿ, 'ಸರ್, ನಿಮ್ಮ ದೇಹದ ವಯಸ್ಸು 61. ನಿದ್ರೆ ಆಳಕ್ಕೆ ಇಳಿಯುತ್ತಿಲ್ಲ, ಅದಕ್ಕೇ ಬೆಳಗ್ಗೆ ಸುಸ್ತು' ಎಂದ. ಆ ಯಂತ್ರದ ಬಗ್ಗೆ ಒಂದು ಮಾತು. ಅದು ಅಂಗೈಯಿಂದ ಅಂಗೈಗೆ ಅತಿ ಕಡಿಮೆ ವಿದ್ಯುತ್ ಹರಿಸಿ, ಅದಕ್ಕೆ ದೇಹ ಒಡ್ಡುವ ಅಡ್ಡಿಯನ್ನು ಅಳೆದು ಕೊಬ್ಬು ಎಷ್ಟಿರಬಹುದೆಂದು ಅಂದಾಜು ಮಾಡುತ್ತದೆ. ಮೈಯಲ್ಲಿ ನೀರಿನ ಅಂಶ ಹೆಚ್ಚು ಕಡಿಮೆಯಾದರೂ ಅದರ ಲೆಕ್ಕ ಬದಲಾಗುತ್ತದೆ. ನಿದ್ರೆಯ ಆಳ ಅದಕ್ಕೆ ಗೊತ್ತಾಗುವ ದಾರಿಯೇ ಇಲ್ಲ. ಆದರೂ ಪರದೆಯ ಮೇಲೆ ಅಂಕಿ ಮೂಡಿದರೆ ನಮ್ಮ ಜನರಿಗೆ ಅದು ವೇದವಾಕ್ಯ.

ಡಬ್ಬಿಗೆ 1,800 ರೂಪಾಯಿ. ಅಶ್ವಗಂಧ, ಜಟಾಮಾಂಸಿ, 'ಹಿಮಾಲಯದ ಒಂದು ಬೇರು' ಎಂದೆಲ್ಲ ಹೇಳಿದ. ಬಿಳಿ ಪ್ಲಾಸ್ಟಿಕ್ ಡಬ್ಬಿ, ಹಸಿರು ಮುಚ್ಚಳ, ಮೇಲೆ ಧ್ಯಾನಕ್ಕೆ ಕುಳಿತವರ ಒಂದು ಚಿತ್ರ. ತಯಾರಕರ ಹೆಸರಿಲ್ಲ, ಪರವಾನಗಿ ಸಂಖ್ಯೆ ಇಲ್ಲ, ಬ್ಯಾಚ್ ಸಂಖ್ಯೆ ಇಲ್ಲ. ನಾನು ಕೇಳಿದೆ. 'ಅಕ್ಕಾ, ಇದು ಕಾರ್ಖಾನೆಯ ಮಾಲಲ್ಲ, ಗುರುಗಳ ಆಶ್ರಮದಲ್ಲಿ ಕೈಯಿಂದ ಕುಟ್ಟಿದ್ದು' ಎಂದ. ಆಯುರ್ವೇದ ಔಷಧವೇ ಆಗಿದ್ದರೆ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ತಯಾರಿಕೆಯ ದಿನಾಂಕ, ಒಳಗೆ ಏನೇನಿದೆ ಎಂಬ ಪಟ್ಟಿ ಡಬ್ಬಿಯ ಮೇಲೆ ಇರಲೇಬೇಕು. ಆಹಾರ ಪೂರಕವೆಂದು ಮಾರಿದರೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್.ಎಸ್.ಎಸ್.ಎ.ಐ.) 14 ಅಂಕಿಗಳ ಸಂಖ್ಯೆ ಇರಬೇಕು. ಆಶ್ರಮದಲ್ಲಿ ಕುಟ್ಟಿ ಮಾರಿದರೂ ಕಾನೂನು ಅದೇ. ನಾನು ಇಷ್ಟು ವಾದಿಸುವಷ್ಟರಲ್ಲಿ ನಮ್ಮವರು ಹಣ ಕೊಟ್ಟಾಗಿತ್ತು.

ಮೊದಲ ರಾತ್ರಿಯೇ ಕೆಲಸ ಮಾಡಿತು. ಬಿಸಿ ಹಾಲಿಗೆ ಅರ್ಧ ಚಮಚ ಬೆರೆಸಿ ಕುಡಿದವರು ಅರ್ಧ ಗಂಟೆಯೊಳಗೆ ದಿಂಬಿಗೆ ತಲೆ ಕೊಟ್ಟರು, ನಡುರಾತ್ರಿ ಮೂತ್ರಕ್ಕೂ ಏಳಲಿಲ್ಲ. ಮನೆಯಲ್ಲಿ ಸಂಭ್ರಮ. ನನಗೆ ಮಾತ್ರ ಅದೇ ಅನುಮಾನಕ್ಕೆ ಕಾರಣವಾಯಿತು. ನನ್ನ ತವರಿನ ಕಡೆ ಒಬ್ಬರು ಕಾಲೇಜಿನಲ್ಲಿ ಓದಿ ಬಂದ ಆಯುರ್ವೇದ ವೈದ್ಯರಿದ್ದಾರೆ. ಫೋನ್ ಮಾಡಿ ಕೇಳಿದರೆ, 'ಒಂದೇ ರಾತ್ರಿಗೆ, ಅರ್ಧ ಗಂಟೆಯಲ್ಲಿ ಮನುಷ್ಯನನ್ನು ಹೀಗೆ ಕೆಡವುವ ಅಶ್ವಗಂಧವನ್ನು ನಾನು ಕಂಡಿಲ್ಲ ತಂಗೀ, ಅದರಲ್ಲಿ ಬೇರೇನೋ ಇದೆ' ಎಂದರು. ಆ ಮಾತನ್ನು ಇವರಿಗೆ ಹೇಳಿದೆ. ಗುಣವಾಗುತ್ತಿರುವ ಮನುಷ್ಯ ಹೆಂಡತಿಯ ಮಾತು ಕೇಳುವುದುಂಟೇ?

ಗುಣ ಬಹಳ ದಿನ ಉಳಿಯಲಿಲ್ಲ. ಬೆಳಗಿನ ತಲೆನೋವು ಮೊದಲಿಗಿಂತ ಜೋರಾಯಿತು. ಎದ್ದ ಮೇಲೂ ಮಬ್ಬು ಹರಿಯಲು ಹತ್ತು ಗಂಟೆಯಾಗಬೇಕು. ಅಂಕಿ ಕೂಡಿಸುವುದರಲ್ಲಿ ಎಂದೂ ತಪ್ಪದವರು ಅಂಗಡಿಯ ಲೆಕ್ಕದಲ್ಲಿ ತಪ್ಪತೊಡಗಿದರು. ಗ್ಯಾಸಿನ ಪುಸ್ತಕ ಎಲ್ಲಿಟ್ಟೆ ಎಂದು ನನ್ನನ್ನೇ ಬೈದರು, ಅದು ಅವರ ಚೀಲದಲ್ಲಿತ್ತು. ಮಾರಿದವನಿಗೆ ಫೋನ್ ಮಾಡಿದರೆ, ದೇಹದಲ್ಲಿ ಸೇರಿಕೊಂಡ ವಿಷ ಹೊರಗೆ ಹೋಗುವಾಗ ಹೀಗಾಗುತ್ತದೆ, ಒಂದು ಚಮಚಕ್ಕೆ ಏರಿಸಿ ಎಂದ. ಏರಿಸಿದರು. ಆ ವಾರವೇ ರೈಲ್ವೆ ಗೇಟ್ ಹಾಕಿದ್ದಾಗ ಸ್ಕೂಟರಿನ ಮೇಲೆ ಕುಳಿತಲ್ಲೇ ನಿದ್ರೆ ಹೋಗಿ ಪಕ್ಕದ ಆಟೋ ಮೇಲೆ ವಾಲಿಬಿದ್ದರು. ಗಾಡಿ ನಿಂತಿತ್ತು, ಬದುಕಿದರು. ಗೇಟ್ ತೆರೆದಿದ್ದರೆ ಏನಾಗುತ್ತಿತ್ತೋ.

ರಾತ್ರಿಯದು ಇನ್ನೂ ಕೆಟ್ಟದ್ದು. ಮೊದಲೆಲ್ಲ ಗೊರಕೆ ಇದ್ದಕ್ಕಿದ್ದಂತೆ ನಿಂತು, ಸ್ವಲ್ಪ ಹೊತ್ತು ಸದ್ದಿಲ್ಲದೆ, ಆಮೇಲೆ ಗಂಟಲು ಸೀಳಿದಂತೆ ಒಂದು ದೊಡ್ಡ ಉಸಿರು ಬಂದು ಮತ್ತೆ ಗೊರಕೆ ಶುರುವಾಗುತ್ತಿತ್ತು. ಪುಡಿ ಶುರುವಾದ ಮೇಲೆ ಆ ನಿಶ್ಶಬ್ದ ಉದ್ದವಾಗುತ್ತಾ ಹೋಯಿತು. ಒಂದು ರಾತ್ರಿ ದೀಪ ಹಾಕಿ ನೋಡಿದರೆ ಎದೆ, ಹೊಟ್ಟೆ ಎಳೆದಾಡುತ್ತಿವೆ, ಮೂಗಿನ ಬಳಿ ಬೆರಳಿಟ್ಟರೆ ಗಾಳಿ ಇಲ್ಲ, ತುಟಿಯ ಬಣ್ಣ ಕಪ್ಪಾಗಿದೆ. ಹೆಸರು ಹಿಡಿದು ಕೂಗಿದರೂ, ಭುಜ ಹಿಡಿದು ಅಲುಗಾಡಿಸಿದರೂ ಎಚ್ಚರವಿಲ್ಲ. ಮಗಳೂ ನಾನೂ ಸೇರಿ ಎತ್ತಿ ಕೂರಿಸಿದ ಮೇಲೆ ಉಸಿರು ಎಳೆದುಕೊಂಡರು. ಮರುದಿನವೇ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಅತ್ತ ಆ ಸಲಹೆಗಾರನ ಫೋನೂ ಬಂದ್ ಆಗಿತ್ತು, ಪಾರ್ಕಿನ ಮೇಜೂ ಮಾಯವಾಗಿತ್ತು.

ಪುಡಿ ನಿಂತಿತು, ಪೀಡೆ ನಿಲ್ಲಲಿಲ್ಲ. ಕೈ ನಡುಕ, ಬೆವರು, ಕಾರಣವಿಲ್ಲದ ಭಯ, ಕಣ್ಣಿಗೆ ಚೂರೂ ನಿದ್ರೆ ಇಲ್ಲ. ಆಸ್ಪತ್ರೆಗೆ ಕರೆದೊಯ್ದಾಗ ಅಲ್ಲಿನ ವೈದ್ಯೆ ಮೊದಲು ಕೇಳಿದ್ದು, 'ನಿದ್ರೆ ಮಾತ್ರೆ ಎಷ್ಟು ದಿನದಿಂದ ತೆಗೆದುಕೊಳ್ಳುತ್ತಿದ್ದಾರೆ?' ನಮ್ಮವರು ಜೀವನದಲ್ಲಿ ಒಂದು ನಿದ್ರೆ ಮಾತ್ರೆ ನುಂಗಿದವರಲ್ಲ. ಮೂತ್ರದ ಪರೀಕ್ಷೆಯಲ್ಲಿ ನಿದ್ರೆ ಬರಿಸುವ ಬೆಂಜೊಡಯಾಜೆಪೈನ್ ಗುಂಪಿನ ಔಷಧದ ಅಂಶ ಇದೆ ಎಂದು ಬಂತು. ಆ ಪರೀಕ್ಷೆ ಗುಂಪನ್ನು ಮಾತ್ರ ಹೇಳುತ್ತದೆ, ನಿರ್ದಿಷ್ಟವಾಗಿ ಯಾವುದೆಂದು ಹೇಳುವುದಿಲ್ಲ. ಅಲ್ಪ್ರಾಜೋಲಮ್, ಡಯಾಜೆಪಾಮ್ ಎಲ್ಲ ಇದೇ ಗುಂಪಿನವು. ಇವೆರಡೂ ಔಷಧ ನಿಯಮಗಳ 'ಶೆಡ್ಯೂಲ್ ಎಚ್1' ಪಟ್ಟಿಯಲ್ಲಿವೆ: 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ಈ ನಿಯಮದ ಪ್ರಕಾರ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ, ಬರೆದುಕೊಟ್ಟ ವೈದ್ಯರ ಹೆಸರನ್ನೂ ರೋಗಿಯ ಹೆಸರನ್ನೂ ಔಷಧ ಅಂಗಡಿಯವರು ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾದಿಡಬೇಕು. ಇಷ್ಟೆಲ್ಲ ಕಾವಲು ಇರುವ ವಸ್ತುವನ್ನು ಪಾರ್ಕಿನಲ್ಲಿ ಹಾಲಿಗೆ ಬೆರೆಸಿ ಕುಡಿ ಎಂದು ಮಾರುತ್ತಾರೆ. ಈ ಬೆರಕೆ ಹೊಸ ಉಪಾಯವೇನಲ್ಲ. ರಾಯಚೂರಿನ ಕಡೆಯವರು ಸಿ.ಎಚ್. ಪುಡಿ (ಕ್ಲೋರಲ್ ಹೈಡ್ರೇಟ್ ಎಂಬ ಮತ್ತು ಬರಿಸುವ ರಾಸಾಯನಿಕ) ಬೆರೆಸಿದ ಸೇಂದಿಯ ಸುದ್ದಿ ಕೇಳಿಯೇ ಇರುತ್ತೀರಿ. ಗಡಿಯಾಚೆ ತೆಲಂಗಾಣದಲ್ಲಿ ಸೇಂದಿಗೆ ಅಲ್ಪ್ರಾಜೋಲಮ್ ಬೆರೆಸುತ್ತಾರೆ. 2020ರ ಲಾಕ್‌ಡೌನಿನಲ್ಲಿ ಅಂಥ ಸೇಂದಿ ಸಿಗದೆ ಜನ ನಡುಗುತ್ತಾ, ಸೆಳವು (ಫಿಟ್ಸ್) ಬಂದು ಹೈದರಾಬಾದಿನ ಆಸ್ಪತ್ರೆ ಸೇರಿದ್ದರು. ನಮ್ಮವರಿಗೆ ಆದದ್ದೂ ಅದೇ, ಡಬ್ಬಿ ಮಾತ್ರ ಬೇರೆ.

ಗೊರಕೆಯ ಬಗ್ಗೆ ಮೊದಲ ಬಾರಿಗೆ ಕೇಳಿದವರೂ ಆ ವೈದ್ಯೆಯೇ. ಇವರನ್ನು ಬಿಟ್ಟು ನನ್ನನ್ನು ಕೇಳಿದರು, ಏಕೆಂದರೆ ಮಲಗಿದವರಿಗೆ ತಮ್ಮ ಗೊರಕೆ ಗೊತ್ತಿರುವುದಿಲ್ಲ. ನಾನು ಹೇಳಿದ್ದನ್ನು ಕೇಳಿ ಅವರು ವಿವರಿಸಿದ್ದು ಇಷ್ಟು. ನಿದ್ರೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲವಾಗುತ್ತವೆ, ಅದು ಎಲ್ಲರಿಗೂ ಸಹಜ. ಕೆಲವರಲ್ಲಿ ನಾಲಿಗೆ ಹಿಂದಕ್ಕೆ ಜಾರಿ ಉಸಿರಿನ ದಾರಿಯೇ ಮುಚ್ಚಿಹೋಗುತ್ತದೆ. ಹತ್ತು ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಉಸಿರು ನಿಂತರೆ ಅದು ಲೆಕ್ಕಕ್ಕೆ ಸೇರುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿದಾಗ ಮಿದುಳು ಗಾಬರಿಯಿಂದ ಅರೆ ಎಚ್ಚರವಾಗಿ ದಾರಿ ತೆರೆಸುತ್ತದೆ. ಬೆಳಗ್ಗೆ ಅದರ ನೆನಪೇ ಇರುವುದಿಲ್ಲ. ಇದು ಗಂಟೆಗೆ ಐದಕ್ಕಿಂತ ಕಡಿಮೆಯಿದ್ದರೆ ಚಿಂತೆಯಿಲ್ಲ, 30 ದಾಟಿದರೆ ತೀವ್ರ. ಗಂಟೆಗೆ 30 ಎಂದರೆ ಎಂಟು ಗಂಟೆಯಲ್ಲಿ 240 ಬಾರಿ. ಅಂಥವರು ಹಾಸಿಗೆಯಲ್ಲಿ ಎಷ್ಟು ಗಂಟೆ ಇದ್ದರೇನು? ರಾತ್ರಿಯ ಮೂತ್ರ, ಇಳಿಯದ ರಕ್ತದೊತ್ತಡ, ಒಣಗಿದ ಬಾಯಿ, ಬೆಳಗಿನ ತಲೆನೋವು, ನಾವು ಒಂದೊಂದನ್ನೂ ಬೇರೆ ಬೇರೆ ವೈದ್ಯರಿಗೆ ಹೇಳಿಕೊಂಡಿದ್ದೆಲ್ಲ ಈ ಒಂದೇ ಕಾಯಿಲೆಯ ಮುಖಗಳು. ಹೆಸರು ಸ್ಲೀಪ್ ಏಪ್ನಿಯಾ.

ಈಗ ಪುಡಿ ಏನು ಮಾಡಿತು ನೋಡಿ. ನಿದ್ರೆ ಕೆಡಿಸುತ್ತಿದ್ದ ಆ ಅರೆ ಎಚ್ಚರವೇ ಇವರ ಪ್ರಾಣ ಕಾಯುತ್ತಿತ್ತು. ಬೆಂಜೊಡಯಾಜೆಪೈನ್ ಒಂದು ಕಡೆ ಸ್ನಾಯುಗಳನ್ನು ಇನ್ನಷ್ಟು ಸಡಿಲ ಮಾಡುತ್ತದೆ, ಇನ್ನೊಂದು ಕಡೆ ಮಿದುಳು ಸುಲಭವಾಗಿ ಎಚ್ಚರಗೊಳ್ಳದಂತೆ ಮಾಡುತ್ತದೆ. ಕಾವಲುಗಾರನಿಗೇ ಮತ್ತು ಬರಿಸಿ ಮಲಗಿಸಿದ್ದನ್ನು ಅವನು 'ಗಾಢ ನಿದ್ರೆ' ಎಂದು ಮಾರಿದ್ದ. ಇನ್ನೊಂದು ವಿಪರ್ಯಾಸವಿದೆ: ಈ ಗುಂಪಿನ ಔಷಧಗಳು ನಿಜವಾದ ಆಳದ ನಿದ್ರೆಯ ಪಾಲನ್ನು ಕಡಿಮೆ ಮಾಡುತ್ತವೆ. ಮನುಷ್ಯ ಅಲುಗದೆ ಬಿದ್ದಿರುತ್ತಾನೆ, ಮೈಗೆ ಬೇಕಾದ ವಿಶ್ರಾಂತಿ ಸಿಕ್ಕಿರುವುದಿಲ್ಲ.

ಔಷಧದ ಪ್ರಭಾವದಿಂದ ಪೂರ್ತಿ ಹೊರಬಂದ ಮೇಲೆ ನಿದ್ರೆಯ ಪರೀಕ್ಷೆ ಆಯಿತು. ತಲೆಗೆ ತಂತಿ, ಎದೆಗೂ ಹೊಟ್ಟೆಗೂ ಪಟ್ಟಿ, ಮೂಗಿಗೆ ನಳಿಕೆ, ಬೆರಳಿಗೆ ಕ್ಲಿಪ್ ಹಾಕಿ ರಾತ್ರಿಯಿಡೀ ದಾಖಲಿಸುತ್ತಾರೆ. ಇವರದು ಗಂಟೆಗೆ 41. ಸಿ-ಪ್ಯಾಪ್ ಯಂತ್ರ ಬರೆದುಕೊಟ್ಟರು. ಅದು ಆಮ್ಲಜನಕ ಕೊಡುವ ಯಂತ್ರವಲ್ಲ. ಕೋಣೆಯ ಗಾಳಿಯನ್ನೇ ಒತ್ತಡದಿಂದ ಮೂಗಿಗೆ ಕಳಿಸಿ ಗಂಟಲು ಮುಚ್ಚದಂತೆ ನೋಡಿಕೊಳ್ಳುತ್ತದೆ. ಆಸ್ಟ್ರೇಲಿಯಾದ ವೈದ್ಯ ಕಾಲಿನ್ ಸಲಿವನ್ ಮತ್ತು ಸಂಗಡಿಗರು 1981ರಲ್ಲಿ ಇದನ್ನು ಜಗತ್ತಿಗೆ ತಿಳಿಸಿದರು. ಅಗ್ಗದ್ದಲ್ಲ, ಅಭ್ಯಾಸವಾಗುವವರೆಗೆ ಹಿಂಸೆಯೂ ಹೌದು. ಮುಖವಾಡ ಕಿತ್ತೆಸೆದ ರಾತ್ರಿಗಳೂ ಇವೆ. ಈಗ ಕಾಫಿಗೆ ಮೊದಲೇ ಮಾತನಾಡುತ್ತಾರೆ, ಕೆಲವೊಮ್ಮೆ ಅಗತ್ಯಕ್ಕಿಂತ ಹೆಚ್ಚು. ಈ ಯಂತ್ರದ ಸುತ್ತಲೂ ಒಂದು ವ್ಯಾಪಾರ ಹುಟ್ಟಿಕೊಂಡಿದೆ, ಅದನ್ನೂ ಹೇಳಿಬಿಡುತ್ತೇನೆ: 'ಮನೆಯಲ್ಲೇ ಉಚಿತ ಪರೀಕ್ಷೆ' ಎಂದು ಬಂದು ಅದೇ ದಿನ ಯಂತ್ರ ಮಾರಲು ನೋಡುವವರಿದ್ದಾರೆ. ವರದಿಯನ್ನು ವೈದ್ಯರು ನೋಡದೆ ಯಾವ ಯಂತ್ರವನ್ನೂ ಮನೆಗೆ ಸೇರಿಸಬೇಡಿ.

ಬೆಳಗ್ಗೆ ಸುಸ್ತಿರುವವರಿಗೆಲ್ಲ ಏಪ್ನಿಯಾ ಇರುತ್ತದೆಂದು ನಾನು ಹೇಳುತ್ತಿಲ್ಲ. ರಕ್ತಹೀನತೆ, ಥೈರಾಯ್ಡ್, ಬಿ12 ಕೊರತೆ, ಖಿನ್ನತೆ, ರಾತ್ರಿ ಪಾಳಿ ಎಲ್ಲವೂ ಹೀಗೆಯೇ ಕಾಣಿಸಿಕೊಳ್ಳುತ್ತವೆ. ದಪ್ಪಗಿರುವವರಿಗೆ, ಕತ್ತು ದಪ್ಪ ಇರುವವರಿಗೆ ಏಪ್ನಿಯಾ ಹೆಚ್ಚು, ಆದರೆ ತೆಳ್ಳಗಿರುವವರಿಗೂ ಬರುತ್ತದೆ. ಹೆಂಗಸರಲ್ಲಿ, ಮುಖ್ಯವಾಗಿ ಮುಟ್ಟು ನಿಂತ ಮೇಲೆ, ಅಬ್ಬರದ ಗೊರಕೆ ಇಲ್ಲದೆ ಬರೀ ಆಯಾಸವಾಗಿಯೂ ಕಾಣಿಸಿಕೊಳ್ಳಬಹುದು. 'ಮನೆ ಕೆಲಸದ ಸುಸ್ತು' ಎಂದು ಅದನ್ನು ಎಲ್ಲರೂ ಬದಿಗೆ ಸರಿಸುತ್ತಾರೆ. ಪಕ್ಕದಲ್ಲಿ ಮಲಗಿದವರ ಉಸಿರು ನಿಂತು ನಿಂತು ಬರುತ್ತಿದ್ದರೆ ಮೊಬೈಲಿನಲ್ಲಿ ಎರಡು ನಿಮಿಷ ಚಿತ್ರೀಕರಿಸಿ ಕಿವಿ ಮೂಗು ಗಂಟಲು ತಜ್ಞರಿಗೋ ಶ್ವಾಸಕೋಶ ತಜ್ಞರಿಗೋ ತೋರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನಿದ್ರೆಯ ತೊಂದರೆಗಳಿಗೆಂದೇ ಚಿಕಿತ್ಸಾಲಯವಿದೆ.

ಇನ್ನು ಇಂಥ ಪುಡಿಯನ್ನು ಈಗಾಗಲೇ ತಿನ್ನುತ್ತಿರುವವರಿಗೆ. ಇದನ್ನು ಓದಿದ ಗಾಬರಿಯಲ್ಲಿ ಇಂದೇ ನಿಲ್ಲಿಸಬೇಡಿ. ಅದರಲ್ಲಿ ಬೆಂಜೊಡಯಾಜೆಪೈನ್ ಎಂಬ ನಿದ್ರೆ ಔಷಧ ಬೆರೆಸಿರಬಹುದು. ಬೆಂಜೊಡಯಾಜೆಪೈನ್‌ಗೆ ಒಗ್ಗಿದ ದೇಹಕ್ಕೆ ಅದು ಒಮ್ಮೆಗೇ ತಪ್ಪಿದರೆ ಸೆಳವು (ಫಿಟ್ಸ್) ಬರಬಹುದು, ಪ್ರಾಣಕ್ಕೂ ಅಪಾಯ. ಎಷ್ಟು ಚಮಚ, ಎಷ್ಟು ಕಾಲದಿಂದ ಎಂದು ಬರೆದುಕೊಂಡು, ಡಬ್ಬಿಯ ಸಮೇತ ನಾಳೆಯೇ ಆಸ್ಪತ್ರೆಗೆ ಹೋಗಿ. ಹಂತಹಂತವಾಗಿ ಇಳಿಸುವ ಕ್ರಮವನ್ನು ಅವರು ಹೇಳುತ್ತಾರೆ. ಅಲ್ಲಿಯವರೆಗೆ ಗಾಡಿ ಓಡಿಸಬೇಡಿ, ಮದ್ಯ ಮುಟ್ಟಬೇಡಿ, ಒಬ್ಬರೇ ಮಲಗಬೇಡಿ. ಉಸಿರಾಟ ನಿಧಾನವಾಗಿ, ಎಬ್ಬಿಸಿದರೂ ಏಳದಿದ್ದರೆ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಿ. ಉಳಿದ ಪುಡಿಯನ್ನು ಚೆಲ್ಲಬೇಡಿ. ನಾವು ನಮ್ಮ ಡಬ್ಬಿಯನ್ನು ಜಿಲ್ಲೆಯ ಸಹಾಯಕ ಔಷಧ ನಿಯಂತ್ರಕರ ಕಚೇರಿಗೆ ಲಿಖಿತ ದೂರಿನ ಜೊತೆ ಒಪ್ಪಿಸಿ ಸ್ವೀಕೃತಿ ಪತ್ರ ಪಡೆದಿದ್ದೇವೆ. ಮಾರಿದವನ ಫೋನ್ ಸಂಖ್ಯೆ, ಹಣ ಕಳಿಸಿದ ಯು.ಪಿ.ಐ. ದಾಖಲೆ, ಮೇಜಿನ ಫೋಟೋ ಯಾವುದಿದ್ದರೂ ದೂರಿಗೆ ಲಗತ್ತಿಸಿ. ನಗದು ಕೊಟ್ಟರೆ 100 ರೂಪಾಯಿ ಬಿಡುತ್ತೇನೆ ಎಂದು ಅವನು ಇವರಿಗೆ ಹೇಳಿದ್ದು ಏಕೆಂದು ನನಗೆ ಆಗ ಹೊಳೆದಿರಲಿಲ್ಲ.